ಹದಿನಾಲ್ಕು ಚೆಂದದ ಪ್ರಾಕ್ಟಿಕಲ್ ಪುಸ್ತಕಗಳು

ಇಂಗ್ಲೆಂಡಿನ ಹೇಸ್‌ನ ಒಂದು ಶಾಲೆಯಲ್ಲಿ ಮೂರು ವರ್ಷ ಕೆಳಗಿನ ತರಗತಿಗಳಿಗೆ ವಿಜ್ಞಾನ ಕಲಿಸಿದ ಮೇಲೆ, ಆ ಸೆಪ್ಟೆಂಬರಿನಿಂದ ನನಗೆ ಮೊದಲ ಸಲ ಎ-ಲೆವೆಲ್ ಬಯಾಲಜಿ ಕೊಟ್ಟರು. ಎ-ಲೆವೆಲ್ ಎಂದರೆ ನಮ್ಮ ಪಿಯುಸಿಯ ಹಾಗೆ ಎರಡು ವರ್ಷದ ಕೋರ್ಸು. ವಿದ್ಯಾರ್ಥಿಗಳು ಹದಿನಾಲ್ಕು ಜನ. ಸಂತೋಷಪಡಬೇಕಾದ ಸುದ್ದಿ. ನಾನು ಆಗಸ್ಟ್ ಪೂರ್ತಿ ಚಿಂತೆ ಮಾಡಿದೆ. ಚಿಂತಿಸಲು ಏನೂ ಇಲ್ಲದಿದ್ದರೆ, ಏನನ್ನೋ ಮರೆತಿರಬೇಕೆಂದು ಚಿಂತಿಸುವವಳು ನಾನು.

ಆ ಚಿಂತೆಯಿಂದ ಹದಿನೇಳು ನಿಯಮಗಳ ಪಟ್ಟಿಯೊಂದು ಹುಟ್ಟಿತು. ಮೊದಲ ದಿನ ಕೋರ್ಸನ್ನು ಪರಿಚಯಿಸುವ ಬದಲು ಆ ಪಟ್ಟಿಯನ್ನೇ ಓದುತ್ತ ಹೋದೆ. ಹನ್ನೊಂದನೆಯದಕ್ಕೆ ಬಂದಾಗ ಶ್ರಾವ್ಯ ಕೈ ಎತ್ತಿದಳು. ಕುಂದಾಪುರ ಕಡೆಯವರ ಮಗಳು. ತಂದೆ ಹತ್ತಿರದ ರೆಸ್ಟೋರೆಂಟಿನಲ್ಲಿ ಅಡುಗೆಯವರು. ಮೆಡಿಸಿನ್ ಓದಬೇಕೆಂಬುದು ಅವಳ ಹಠ. ತರಗತಿಯ ಮಾತೆಲ್ಲ ಇಂಗ್ಲಿಷಿನದು, ನಾನಿಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಮಿಸ್, ಬಯಾಲಜಿ ಎಷ್ಟನೇ ನಂಬರಿಗೆ ಬರುತ್ತೆ?"

ಎಲ್ಲರೂ ನಕ್ಕರು. ನಾನು ಹನ್ನೆರಡನೆಯ ನಿಯಮ ಓದಿದೆ.

ಅನಾಹುತ ಮಾಡಿದ್ದು ಒಂಬತ್ತನೆಯ ನಿಯಮ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಚಿತ್ತು ಇರಕೂಡದು. ಮೊದಲು ರಫ್ ಹಾಳೆ, ಆಮೇಲೆ ಫೇರ್ ಕಾಪಿ. ತಪ್ಪಿದರೆ ಪುಟ ಹರಿದು ಹೊಸದಾಗಿ ಬರೆಯಬೇಕು. ಧಾರವಾಡದಲ್ಲಿ ನಾನು ಕಲಿತದ್ದು ಹಾಗೆ. ಅಲ್ಲಿನ ಕಾಲೇಜಿನಲ್ಲಿ ಹದಿನಾರು ವರ್ಷ ಕಲಿಸಿದ್ದೂ ಹಾಗೆಯೇ. ಒಂದೇ ಒಂದು ಚಿತ್ತಿಗಾಗಿ ನಮ್ಮ ಮೇಡಂ ನನ್ನಿಂದ ಕಪ್ಪೆಯ ರಕ್ತನಾಳಗಳ ಚಿತ್ರವನ್ನು ಮೂರು ಸಲ ಬರೆಸಿದ್ದರು. ಈ ಮಕ್ಕಳೂ ಹೇಳಿದಂತೆ ಕೇಳಿದರು. ನಾಲ್ಕು ಪ್ರಯೋಗಗಳಾಗುವಷ್ಟರಲ್ಲಿ ಹದಿನಾಲ್ಕು ಪುಸ್ತಕಗಳೂ ಮದುವೆಯ ಕರೆಯೋಲೆಯಷ್ಟು ಚೆಂದವಾಗಿದ್ದವು.

ಫೆಬ್ರವರಿಯಲ್ಲಿ ಪರೀಕ್ಷಾ ಮಂಡಳಿಯಿಂದ ಇಮೇಲ್ ಬಂತು. ಹನ್ನೆರಡು ದಿನಗಳಲ್ಲಿ ಮಾನಿಟರ್, ಅಂದರೆ ಮಂಡಳಿಯ ತಪಾಸಣಾಧಿಕಾರಿ, ಬರುತ್ತಾರೆ. ಪುಸ್ತಕಗಳನ್ನು ನೋಡಿ, ಒಂದು ಪ್ರಾಕ್ಟಿಕಲ್ ತರಗತಿಯಲ್ಲಿ ಕೂರುತ್ತಾರೆ. ಇಲ್ಲಿ ಪ್ರಾಕ್ಟಿಕಲ್‌ಗೆ ಅಂಕವಿಲ್ಲ. ಎರಡು ವರ್ಷಗಳಲ್ಲಿ ಹನ್ನೆರಡು ಪ್ರಯೋಗ ಮಾಡಬೇಕು. ಸರಿಯಾಗಿ ಮಾಡಿದವರಿಗೆ ಸರ್ಟಿಫಿಕೇಟಿನಲ್ಲಿ ಬೇರೆಯಾಗಿ 'ಪಾಸ್' ಎಂದು ಬರುತ್ತದೆ. ಶ್ರಾವ್ಯಳಂಥವರಿಗೆ ಆ ಒಂದು ಪದವಿಲ್ಲದೆ ಮೆಡಿಸಿನ್ ಸೀಟು ಕನಸೇ.

ವಿಜ್ಞಾನ ವಿಭಾಗದ ಮುಖ್ಯಸ್ಥ ಪೀಟರ್ ಒಂದು ಪುಸ್ತಕ ತೆರೆದರು. ಇನ್ನೊಂದು. ಮತ್ತೊಂದು.

"ಬಹಳ ಸುಂದರವಾಗಿವೆ," ಎಂದರು. ಇಂಗ್ಲಿಷರು ಅಷ್ಟು ಮೆಲ್ಲಗೆ ಹೊಗಳಿದರೆ ಹೆದರಬೇಕು. "ಪ್ರಯೋಗ ಮಾಡ್ತಾ ಮಾಡ್ತಾ ಬರೆದದ್ದೆಲ್ಲಿ?"

"ರಫ್ ಹಾಳೆಗಳಾ? ಬಿಸಾಡಿದಾರೆ. ನಾನೇ ಹೇಳಿದ್ದು."

ಅವರು ಕುರ್ಚಿ ಎಳೆದು ಕೂತರು. ಮಾನಿಟರ್ ಹುಡುಕುವುದು ಪ್ರಯೋಗದ ಹೊತ್ತಿನಲ್ಲೇ ಬರೆದ, ಚಿತ್ತು ಸಹಿತವಾದ ದಾಖಲೆಯನ್ನು. ನಮ್ಮಲ್ಲಿ ಇದ್ದದ್ದು ಅದರ ನಕಲು. ಮಾರ್ಗಸೂಚಿಯಲ್ಲಿ ಇದೆಲ್ಲ ಇತ್ತು. ನಾನು ಅದನ್ನು ಎರಡು ಸಲ ಓದಿ, ನನಗೆ ಗೊತ್ತಿರುವುದೇ ಅಲ್ಲಿದೆ ಎಂದುಕೊಂಡಿದ್ದೆ.

ಮರುದಿನ ಮಕ್ಕಳಿಗೆ ವಿಷಯ ಹೇಳಿದೆ. ಶ್ರಾವ್ಯಳ ಮುಖ ಬಿಳಿಚಿತು. ಆದರೆ ಪರಿಹಾರವೂ ಮೊದಲು ಅವಳಿಂದಲೇ ಬಂತು.

"ಎರಡು ಲಂಚ್ ಬ್ರೇಕ್ ಕೊಡಿ ಮಿಸ್. ರಫ್ ಹಾಳೆ ಹೊಸದಾಗಿ ಮಾಡ್ತೀವಿ. ಮೇಲೆ ಒಂದಿಷ್ಟು ಟೀ ಚೆಲ್ಲಿದ್ರಾಯ್ತು."

ಹಾಲು ಹಾಕಿದ ಟೀಯೋ, ಬ್ಲ್ಯಾಕ್ ಟೀಯೋ ಎಂದು ಅರೆಕ್ಷಣ ನಾನೂ ಯೋಚಿಸಿದೆ. ಸುಳ್ಳೇಕೆ ಹೇಳಲಿ. "ನಾಳೆ ಹೇಳ್ತೀನಿ," ಎಂದೆ.

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿಕೊಂಡೆ. ಅವರು ಆಸ್ಪತ್ರೆಯಲ್ಲಿ ಡಾಕ್ಟರು. ನಗು ತಡೆಯಲಾರದೆ ನೀರು ಕುಡಿದರು.

"ಪೇಷಂಟ್ ನೋಟ್ಸಿನ್ಯಾಗ ತಪ್ಪಿದ್ರ ನಾ ಒಂದ ಗೆರಿ ಹೊಡದು, ತಾರೀಖು ಹಾಕಿ ಸಹಿ ಮಾಡತೇನಿ. ಹಾಳಿ ಹರದ್ನೆಂದ್ರ ಮರುದಿನದಿಂದ ಮನ್ಯಾಗ ಕುಂದರಬೇಕು. ಡಾಕ್ಟರ್ ಆಗೋ ಹುಡುಗಿಗೆ ನೀ ಹಾಳಿ ಹರಿಯೂದು ಕಲಿಸೀಯಲ್ಲ!"

"ಇನ್ನೊಮ್ಮೆ ನಕ್ರ ನಾಳಿಂದ ನೀವ ರೊಟ್ಟಿ ಮಾಡ್ಕೋಬೇಕ್ ನೋಡ್ರಿ," ಎಂದೆ. ಆದರೆ ಮಾತು ನಾಟಿತ್ತು.

ಬೆಳಿಗ್ಗೆ ಹದಿನಾಲ್ಕು ಜನರ ಮುಂದೆ ನಿಂತು ಕೋರ್ಸನ್ನು ಎರಡನೆಯ ಸಲ ಪರಿಚಯಿಸಿದೆ. "ಒಂಬತ್ತನೇ ನಿಯಮ ತಪ್ಪು. ತಪ್ಪು ನನ್ನದು. ಟೀ ಚೆಲ್ಲೋದು ಬೇಡ. ಹಳೆಯದು ಹೇಗಿದೆಯೋ ಹಾಗೇ ಇರಲಿ. ಇನ್ನು ಕಂಡದ್ದನ್ನ ಕಂಡ ಕೂಡಲೇ ಪುಸ್ತಕದಲ್ಲೇ ಬರೀಬೇಕು. ತಪ್ಪಿದ್ರೆ ಒಂದೇ ಗೆರೆ. ಕೆಳಗಿರೋದು ಓದೋ ಹಾಗಿರಬೇಕು." ಇಪ್ಪತ್ತು ವರ್ಷದಲ್ಲಿ ತರಗತಿಯ ಮುಂದೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು.

ಮಾನಿಟರ್ ಬಂದ ದಿನ ಆಲೂಗಡ್ಡೆಯ ಪ್ರಯೋಗ. ಆಲೂಗಡ್ಡೆ ತುಂಡುಗಳನ್ನು ಸಕ್ಕರೆ ನೀರಿನಲ್ಲಿ ನೆನೆಸಿ, ಒರೆಸಿ, ತೂಕ ಎಷ್ಟು ಬದಲಾಯಿತೆಂದು ನೋಡುವುದು. ಬಿಳಿ ಕೂದಲಿನ ಆ ಹೆಂಗಸು ಸದ್ದಿಲ್ಲದೆ ಬೆಂಚುಗಳ ನಡುವೆ ಓಡಾಡಿ, ಸರಿಯಾಗಿ ಶ್ರಾವ್ಯಳ ಪಕ್ಕದಲ್ಲೇ ನಿಂತರು. ಅವಳು ಒಂದು ತುಂಡನ್ನು ಒರೆಸದೆ ತೂಗಿ 2.31 ಗ್ರಾಂ ಎಂದು ಬರೆದಿದ್ದಳು. ತಪ್ಪು ಹೊಳೆದದ್ದೇ ತಡ, ಬೆರಳು ಪುಟದ ಅಂಚು ಹಿಡಿಯಿತು. ನಾನು ಮಾತಾಡುವಂತಿರಲಿಲ್ಲ.

ಬೆರಳು ಅಂಚನ್ನು ಬಿಟ್ಟಿತು. ಅವಳು ಒಂದು ಗೆರೆ ಎಳೆದಳು. ತುಂಡನ್ನು ಒರೆಸಿ ಮತ್ತೆ ತೂಗಿ 2.18 ಎಂದು ಬರೆದು, ಪಕ್ಕದಲ್ಲಿ 'ಮೊದಲು ಒರೆಸಿರಲಿಲ್ಲ' ಎಂದು ಸೇರಿಸಿದಳು.

ಮಾನಿಟರ್ ಹಿಂದಿನ ಪುಟಗಳನ್ನು ತಿರುವಿದರು. "ಇಲ್ಲೆಲ್ಲ ಒಂದೂ ಚಿತ್ತಿಲ್ಲ?"

"ಆಗ ಹರಿದು ಹಾಕ್ತಿದ್ವಿ. ಮಿಸ್ ಹೇಳಿದ್ರು. ಆಮೇಲೆ ಮಿಸ್ಸೇ ಸಾರಿ ಕೇಳಿದ್ರು."

ಅವರು ತಿರುಗಿ ನನ್ನತ್ತ ನೋಡಿದರು. "ನಿಜ," ಎಂದೆ. ಮನಸ್ಸಿನಲ್ಲಿ ಆಗಲೇ ರಾಜೀನಾಮೆ ಪತ್ರದ ಎರಡನೆಯ ಪ್ಯಾರಾ ಬರೆಯುತ್ತಿದ್ದೆ.

ಕೊನೆಯಲ್ಲಿ ಪೀಟರ್ ಎದುರಿಗೇ ಅವರು ಹೇಳಿದರು: "ಮೊದಲಿನ ನಾಲ್ಕು ಲೆಕ್ಕಕ್ಕಿಲ್ಲ, ಮತ್ತೆ ಮಾಡಿಸಿ. ಸಮಯವಿದೆ. ಇವತ್ತು ನಾನು ನೋಡಿದ್ದು ಸರಿಯಾದ ಕೆಲಸ. ಇಷ್ಟು ಚೆಂದದ ಪುಸ್ತಕ ತೋರಿಸಿ, ಅದು ನಕಲು ಅಂತ ತಾವೇ ಹೇಳಿದ ತರಗತಿ ನನಗೆ ಇದೇ ಮೊದಲು."

ನಾಲ್ಕನ್ನೂ ಲಂಚ್ ಬ್ರೇಕ್‌ಗಳಲ್ಲಿ ಮತ್ತೆ ಮಾಡಿದೆವು. ಒಬ್ಬರೂ ಗೊಣಗಲಿಲ್ಲ, ಮಾಮೂಲಿಗಿಂತ ಹೆಚ್ಚು ಗೊಣಗಲಿಲ್ಲ ಎನ್ನೋಣ. ಮರುವರ್ಷದ ಆಗಸ್ಟಿನಲ್ಲಿ ಹದಿನಾಲ್ಕು ಹೆಸರುಗಳ ಮುಂದೆಯೂ 'ಪಾಸ್' ಎಂದಿತ್ತು. ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ, ಆಮೇಲೆ ಕೆಳಗಿಂದ ಮೇಲಕ್ಕೆ. ಆಗಲೂ ಹದಿನಾಲ್ಕೇ. ಶ್ರಾವ್ಯಳಿಗೆ ಮೆಡಿಸಿನ್ ಸೀಟು ಸಿಕ್ಕಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ನನ್ನನ್ನು ತಬ್ಬಿ ಎತ್ತಿಯೇಬಿಟ್ಟಳು.

ಮಕ್ಕಳು ನನ್ನ ಮಾತು ಕೇಳಬೇಕಾದರೆ ನಾನು ತಪ್ಪಬಾರದು ಎಂದು ನಂಬಿ ಇಪ್ಪತ್ತು ವರ್ಷ ನಿದ್ದೆಗೆಟ್ಟಿದ್ದೆ. ತಪ್ಪಿದೆ ಎಂದು ಹೇಳಿದ ಮೇಲೆಯೇ ಅವರು ಪೂರ್ತಿ ಕೇಳಿದ್ದು. ಈ ಕೆಲಸ ನನಗೆ ಕಲಿಸಿದ ಪಾಠ ಇದೊಂದೇ, ಮತ್ತು ಅದನ್ನು ಕಲಿಸಿದ್ದು ಹದಿನೇಳು ವರ್ಷದ ಹುಡುಗಿ ಎಳೆದ ಒಂದು ಗೆರೆ.