ಮೊಣಕಾಲಿನ ಎಕ್ಸ್‌ರೇ ಲಕೋಟೆಯಲ್ಲಿಟ್ಟ ಮುಖ

ನನ್ನ ಮೊಮ್ಮಗಳು ರುಕ್ಕು ಸುಳ್ಳು ಹೇಳಿರಲಿಲ್ಲ. ಸುಳ್ಳುಗಾತಿ ನಾನು. ಅವಳ ಮುಖದ ಮೇಲೆ ತೊನ್ನು ಏಳುತ್ತಿದೆ ಎಂದು ಮದುವೆಗೆ ಮೊದಲೇ ನನಗೆ ಗೊತ್ತಿತ್ತು — ಅವಳಿಗೆ ಗೊತ್ತಿರಲಿಲ್ಲ.

ನಾನು ಎರಡನೇ ಇಯತ್ತೆಯ ತನಕ ಕಲಿತವಳು. ಅಕ್ಷರ ಸೊಟ್ಟ ಇದ್ದಾವು. ಹೇಳುವುದನ್ನು ನೆಟ್ಟಗೆ ಹೇಳುತ್ತೇನೆ.

ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರಗಳಿರುವ ನಮ್ಮ ವಾಡೆಯಲ್ಲಿ, ಎದುರಿನ ಖೋಲಿಯಲ್ಲಿ ವಸಂತರಾಯರಿದ್ದರು. ನಮ್ಮ ಧಾರವಾಡದ ಕಡೆಯವರೇ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಆಮೇಲೆ ಸುಮ್ಮನೆ ಕೂಡಲಾರದೆ ಕಟ್ಟಿಗೆಯ ಕ್ಯಾಮೆರಾ ಮಾಡಿಕೊಂಡರು, ಟ್ರಂಕಿನಷ್ಟು ದೊಡ್ಡದು. ಅಷ್ಟಗಲದ ಫಿಲ್ಮ್ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅದಕ್ಕೆ ಎಕ್ಸ್‌ರೇ ಫಿಲ್ಮನ್ನೇ ಹಾಕುತ್ತಿದ್ದರು. ಬಚ್ಚಲಲ್ಲಿ ಕೆಂಪು ದೀಪ ಹಚ್ಚಿಕೊಂಡು ತೊಳೆಯುತ್ತಿದ್ದರು. ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲವಂತೆ. ಅದಕ್ಕೇ ಕೆಂಪು ದೀಪಕ್ಕೆ ಕೆಡುವುದಿಲ್ಲ, ಅದಕ್ಕೇ ಫೋಟೊದಲ್ಲಿ ಹಣೆಯ ಕುಂಕುಮ ಕರ್ರಗೆ ಬರುತ್ತದೆ. ಎರಡೂ ಮಗ್ಗುಲಿಗೆ ಲೇಪ ಇರುತ್ತದೆ, ನೆನೆದಾಗ ಉಗುರು ತಾಗಿದರೂ ಗೆರೆ ಬೀಳುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಹೇಳಬಾರದಿತ್ತು.

ಆಗ ದೇಹೂ ರೋಡಿನಿಂದ ರುಕ್ಕುಗೆ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಫೋಟೊ ಕೇಳಿದರು. ವಸಂತರಾಯರು ನಾನೇ ತೆಗೆಯುತ್ತೇನೆ ಎಂದು ಅವಳನ್ನು ಅಂಗಳದ ಬಿಸಿಲಲ್ಲಿ ಕುರ್ಚಿಯ ಮೇಲೆ ಕೂಡಿಸಿ, ಅಲ್ಲಾಡಬೇಡ ಎಂದು ಹೇಳಿ, ಕರಿ ಅರಿವೆಯೊಳಗೆ ತಲೆ ಹಾಕಿದರು. ರುಕ್ಕುಗೆ ನಗು ತಡೆಯಲಾಗಲಿಲ್ಲ. "ಕಾಕಾ, ಕಾಲ ಮುರದವರನ್ನ ಕೂಡಿಸಿದಂಗ ಕೂಡಸೀರಲ್ರಿ" ಎಂದಳು. ನಕ್ಕಿದ್ದಕ್ಕೆ ಒಂದು ಹಾಳೆ ಕೆಟ್ಟಿರಬಹುದೆಂದು ಇನ್ನೊಂದನ್ನೂ ತೆಗೆದರು.

ಮರುದಿನ ರುಕ್ಕು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಬಂದರು. ಕಾಗದದ ಮೇಲೆ ಇಳಿಸಿದ ಫೋಟೊ ನನ್ನ ಕೈಗೆ ಕೊಟ್ಟರು. ತುಟಿಯ ಅಂಚಿಗೆ ಬಿಳಿ ಮಚ್ಚೆ. ಎಡಗಣ್ಣಿನ ರೆಪ್ಪೆಯ ಮೇಲೆ ಇನ್ನೊಂದು. ಬೆಳಿಗ್ಗೆ ಅದೇ ಮುಖಕ್ಕೆ ನಾನು ಚಹಾ ಕೊಟ್ಟಿದ್ದೆ — ಏನೂ ಇರಲಿಲ್ಲ.

"ನಮ್ಮ ಕಣ್ಣಿಗೆ ಇನ್ನೂ ಕಾಣೂದಿಲ್ರಿ, ಫಿಲ್ಮಿಗೆ ಕಾಣ್ತದ" ಎಂದರು. "ಎರಡೂ ಹಾಳ್ಯಾಗ ಅದೇ ಜಾಗಾದಾಗ ಬಂದದ. ಡಾಕ್ಟರಿಗೆ ತೋರಸ್ರಿ."

"ನಿಮ್ಮ ಫಿಲ್ಮು ಎಲುಬು ನೋಡೂದು" ಎಂದೆ. "ಹೆಣ್ಣಮಕ್ಕಳ ಮಾರಿ ನೋಡೂದಲ್ಲ."

ನನ್ನ ಅಕ್ಕನಿಗೆ ತೊನ್ನು ಶುರುವಾಗಿದ್ದು ಹಾಗೆಯೇ, ತುಟಿಯಿಂದ. ನನಗೆ ತಿಳಿಯಲಿಲ್ಲ ಎನ್ನುವಂತಿಲ್ಲ. ಮಾತು ಹೊರಗೆ ಹೋಗಿ ಮದುವೆ ಮುರಿದರೆ ಅದು ನಿಮ್ಮ ತಲೆಗೆ ಎಂದು ಅವರಿಗೆ ಹೇಳಿದೆ. ಅವರು ಎರಡೂ ಫಿಲ್ಮ್ ತಂದು ಕಟ್ಟೆಯ ಮೇಲಿಟ್ಟು ಹೋದರು. ತೊಳೆಯುವಾಗ ಗೀರು ಬಿದ್ದು ಕೆಟ್ಟವು ಎಂದು ರುಕ್ಕುಗೆ ಅವರೇ ಹೇಳಿದರು, ನಾನು ಹೇಳಿಸಿದ್ದು. ಆಮೇಲೆ ಅವರು ಮನುಷ್ಯರ ಫೋಟೊ ತೆಗೆಯಲಿಲ್ಲ. ಬಾಗಿಲು, ಗೋಡೆ, ಅಂಗಳದ ನಳ — ಇಂಥವನ್ನೇ ತೆಗೆದರು. ಈಗ ಅವರಿಲ್ಲ.

ಕಾಗದದ ಫೋಟೊ ಹರಿದೆ. ಒಂದು ಫಿಲ್ಮನ್ನು ಬಕೀಟಿನಲ್ಲಿ ನೆನೆಸಿ ಉಗುರಿನಿಂದ ಮುಖ ಕೆರೆದೆ. ಎರಡನೆಯದಕ್ಕೆ ಕೈ ಬರಲಿಲ್ಲ ಎಂದರೆ ಚೆಂದ ಕೇಳುತ್ತದೆ, ಆದರೆ ಹಾಗಲ್ಲ. ರುಕ್ಕು ಮೆಟ್ಟಿಲು ಹತ್ತುವ ಸಪ್ಪಳಾಯಿತು. ಗೋಡೆಗೆ ತೂಗುಹಾಕಿದ್ದ ನನ್ನ ಮೊಣಕಾಲಿನ ಎಕ್ಸ್‌ರೇ ಲಕೋಟೆಯಲ್ಲಿ ತುರುಕಿದೆ. ಎಕ್ಸ್‌ರೇಗಳ ನಡುವೆ ಯಾರು ನೋಡುತ್ತಾರೆ?

ಮೊಬೈಲಿನಲ್ಲಿ ತೆಗೆದ ಫೋಟೊ ಹುಡುಗನ ಮನೆಗೆ ಹೋಯಿತು. ಮದುವೆಯಾಯಿತು. ವರ್ಷ ತುಂಬುವುದರೊಳಗೆ ಮಚ್ಚೆ ಎಲ್ಲರ ಕಣ್ಣಿಗೂ ಕಂಡಿತು. ಮೊದಲೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರಂತೆ.

ಬೀಗರು ನಮ್ಮನ್ನು ಕರೆಸಿದರು. ಪೌಡರ್ ಬಳಿದು ಮೋಸ ಮಾಡಿದಳು ಎಂದಳು ಬೀಗಿತ್ತಿ. ರುಕ್ಕು ತನ್ನಪ್ಪನ — ನನ್ನ ಮಗನ — ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದಳು. ಎಲ್ಲರೂ ನನ್ನ ಕಡೆ ನೋಡಿದರು, ಹಿರಿಯಳು ಅಂತ. ಆಗ ನಾನು ಬಾಯಿ ಬಿಟ್ಟೆ. ಸುಮ್ಮನಿದ್ದರೂ ಇಷ್ಟು ಆಗುತ್ತಿರಲಿಲ್ಲ.

"ಖರೇ ಹೇಳು ರುಕ್ಕು. ನಿನಗ ಮದಲ ಗೊತ್ತಿತ್ತೇನು?"

"ಇಲ್ಲ ಅಜ್ಜಿ."

ನಾನು ಸೆರಗು ಸರಿ ಮಾಡಿಕೊಂಡೆ. ನನ್ನ ಮಗ ನನ್ನ ಮುಖ ನೋಡಿದ, ಮಗಳ ಕೈಯನ್ನು ತಲೆಯಿಂದ ತೆಗೆದ. ಅವ್ವನೇ ನಂಬುತ್ತಿಲ್ಲ ಎಂದುಕೊಂಡ. ಕೋರ್ಟಿನಲ್ಲಿ ಮದುವೆ ಮುರಿಯಿತು. ರುಕ್ಕು ನಮ್ಮ ಮನೆಗೆ ಬಂದಳು. ಇವತ್ತಿಗೂ ಅವನು ಅವಳ ಜೊತೆ ನೇರ ಮಾತಾಡುವುದಿಲ್ಲ. "ಊಟಕ್ಕ ಬಾ ಅಂತ ಹೇಳು ಆಕಿಗೆ" ಎಂದು ನನಗೆ ಹೇಳುತ್ತಾನೆ. ಆಕೆ ಅಲ್ಲೇ ಇರುತ್ತಾಳೆ.

ರುಕ್ಕು ಖರಾಡಿಯ ಆಫೀಸಿಗೆ ಹೋಗುತ್ತಾಳೆ. ಮುಖಕ್ಕೆ ಏನೂ ಹಚ್ಚಿಕೊಳ್ಳುವುದಿಲ್ಲ. ಯಾರಾದರೂ ಎವೆ ಇಕ್ಕದೆ ನೋಡಿದರೆ ತಾನೂ ಹಾಗೇ ನೋಡುತ್ತಾಳೆ. ಅವಳು ಗಟ್ಟಿ. ಆದರೆ ಅಪ್ಪ ಮನೆಗೆ ಬರುವ ಹೊತ್ತಿಗೆ ಅಡಿಗೆಮನೆಗೆ ಸರಿಯುತ್ತಾಳೆ —

ಮೊನ್ನೆ ಮೊಣಕಾಲು ತೋರಿಸಲು ಹೋಗಿದ್ದೆವು. ಡಾಕ್ಟರು ಹಳೆಯ ಎಕ್ಸ್‌ರೇ ಕೇಳಿದರು. ಲಕೋಟೆ ರುಕ್ಕುವಿನ ಕೈಯಲ್ಲಿತ್ತು, ಬಾಯಿ ಬಿಚ್ಚುತ್ತಿದ್ದಳು. ಕಸಿದುಕೊಂಡೆ. "ಏನಜ್ಜಿ, ಬಂಗಾರ ಇಟ್ಟೀ ಏನು ಇದರಾಗ?" ಎಂದು ನಕ್ಕಳು.

ಮನೆಗೆ ಬಂದು ರುಕ್ಕುವಿನ ಫಿಲ್ಮನ್ನು ಹೊರತೆಗೆದು ಕಿಟಕಿಗೆ ಹಿಡಿದೆ. ಅದರಲ್ಲಿ ಕಪ್ಪು ಬಿಳಿ ಎಲ್ಲ ತಿರುವುಮುರುವು. ಕುಂಕುಮದ ಜಾಗದಲ್ಲಿ ಆಚೆಯ ಆಕಾಶ ಕಾಣುತ್ತದೆ. ತುಟಿಯ ಅಂಚಿನ ಮಚ್ಚೆ ಕರ್ರಗಿದೆ. ಒಂದು ಗೀರಿಲ್ಲ.

ಮನೆಗೆ ಬನ್ನಿ ಎಂದು ಬೀಗರಿಗೆ ಫೋನ್ ಮಾಡಿದೆ. ಮುಗಿದುಹೋದದ್ದಕ್ಕೆ ಬರುವುದಿಲ್ಲ ಎಂದರು. ಬರುವ ರವಿವಾರ ನಾನೇ ದೇಹೂ ರೋಡಿಗೆ ಹೋಗುತ್ತೇನೆ. ಯಾಕೆ ಎಂದು ಹೇಳದೆ ಮಗನನ್ನೂ ಹೊರಡಿಸಿದ್ದೇನೆ. ರುಕ್ಕುಗೆ ನಿನ್ನೆ ಇಷ್ಟೇ ಹೇಳಿದೆ: "ಅಲ್ಲಿ ಎಲ್ಲಾರ ಮುಂದ ನನಗೊಂದ ಮಾತ ಕೇಳು."

"ಏನ ಕೇಳಲಿ?"

"ಅವತ್ತ ನಾ ನಿನಗ ಕೇಳಿದ್ದು."

ಅವಳು ಕೇಳಲಿ, ಬಿಡಲಿ — ಅದೇ ಜಾಗದಲ್ಲಿ ಕೂತು, ಫಿಲ್ಮನ್ನು ನನ್ನ ಮಗನ ಕೈಗೆ ಕೊಟ್ಟು, ನನಗೆ ಗೊತ್ತಿತ್ತು ಎಂದು ಹೇಳುತ್ತೇನೆ.