ಮೀಟಿಂಗಿನಲ್ಲಿ ಎದ್ದ ಹಳದಿ ಕೈ

ಹೋದ ವಾರ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬೈಕಿನಲ್ಲಿ ವಾಪಸ್ಸು ಬರುತ್ತಿದ್ದೆ. ತೆರಕಣಾಂಬಿ ಹತ್ತಿರ ಆ ವಾಸನೆ ಹೆಲ್ಮೆಟ್ಟಿನ ಒಳಕ್ಕೇ ನುಗ್ಗಿತು. ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಕೊಪ್ಪರಿಗೆ ಇಟ್ಟು ಅರಿಸಿನ ಬೇಯಿಸುತ್ತಿದ್ದರು. ಹೊಗೆ, ಹಸಿ ಮಣ್ಣು, ಮೂಗಿನ ಮೇಲ್ಭಾಗಕ್ಕೆ ಹೋಗಿ ಕೂರುವ ಒಂಥರಾ ಘಾಟು... ಅಡುಗೆಮನೆ ಡಬ್ಬಿಯಲ್ಲಿರುವ ಅರಿಸಿನಕ್ಕೆ ಈ ವಾಸನೆ ಇರುವುದಿಲ್ಲ. ನಾನು ಗಾಡಿ ನಿಲ್ಲಿಸಿದೆ. ನಿಲ್ಲಿಸುವ ಕಾರಣವೇನೂ ಇರಲಿಲ್ಲ, ಸುಮ್ಮನೆ ನಿಲ್ಲಿಸಿದೆ. ಅಕ್ಕ ನೆನಪಾದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಚಾಮರಾಜನಗರದ ಹತ್ತಿರ ಉಡಿಗಾಲ ಅನ್ನುವ ಊರಿನಲ್ಲಿ ನಾನು ಬಾಡಿಗೆಗಿದ್ದಾಗ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಎದೆಯ ಎತ್ತರದ ಒಂದು ಗೋಡೆ. ನನಗಾಗ ಮದುವೆಯಾಗಿರಲಿಲ್ಲ, ಈಗಲೂ ಆಗಿಲ್ಲ, ಆ ಮಾತು ಬಿಡಿ. ರಾತ್ರಿ ನನ್ನ ಕುಕ್ಕರ್ ಕೂಗದೇ ಹೋದರೆ ಗೋಡೆಯ ಆ ಕಡೆಯಿಂದ, "ತಮ್ಮಾ, ಉಂಡ್ಯಾ?" ಅಂತ ದನಿ ಬರುತ್ತಿತ್ತು. ಉಂಡೆ ಅಂತ ಸುಳ್ಳು ಹೇಳಿದರೂ ಒಂದು ತಟ್ಟೆ ಗೋಡೆ ಮೇಲೆ ಬಂದು ಕೂರುತ್ತಿತ್ತು. ಹೆಚ್ಚಾಗಿ ಮುದ್ದೆ, ಉಪ್ಸಾರು. ಕೃಷಿ ಪದವಿ ಓದಿ ಬಂದವನಿಗೆ ನೆಟ್ಟಗೆ ಅನ್ನ ಮಾಡೋಕೆ ಬರೋದಿಲ್ಲ ಅನ್ನೋದು ಅವಳಿಗೆ ಮುಗಿಯದ ತಮಾಷೆ.

ನಾನು ಅಲ್ಲಿಗೆ ಹೋಗಿದ್ದು ಒಂದು ಅರಿಸಿನ ಕಂಪನಿಯ ಮ್ಯಾನೇಜರ್ ಆಗಿ. ಸುತ್ತಮುತ್ತಲಿನ ಬೆಳೆಗಾರರೇ ಸೇರಿ ಕಟ್ಟಿಕೊಂಡ ಕಂಪನಿ. ಅವರೇ ಷೇರುದಾರರು, ಅವರಲ್ಲೇ ಕೆಲವರು ನಿರ್ದೇಶಕರು. ಷೇರುದಾರರ ಅರಿಸಿನವನ್ನು ಕಂಪನಿ ಕೊಂಡು, ಒಪ್ಪ ಮಾಡಿ, ಹೊರಗಿನ ವ್ಯಾಪಾರಿಗಳಿಗೆ ಮಾರುತ್ತಿತ್ತು. ಒಪ್ಪ ಮಾಡುವ ಕೆಲಸ ಕಂಪನಿಯ ಶೆಡ್ಡಿಗೆ ಕೂಲಿಗೆ ಬರುತ್ತಿದ್ದ ಹೆಂಗಸರದು. ಉದ್ದನೆಯ ಕೊಂಬು ಒಂದು ಕಡೆ, ಉಂಡೆಗೆಡ್ಡೆ ಒಂದು ಕಡೆ, ಹುಳ ಹೊಕ್ಕಿದ್ದು ಇನ್ನೊಂದು ಕಡೆ. ರಾಶಿಯ ಸುತ್ತ ಕೂತು ಕೈಯಲ್ಲೇ ಆರಿಸುತ್ತಿದ್ದರು. ನನ್ನ ಹುದ್ದೆಯ ಹೆಸರು ಕಾಗದದಲ್ಲಿ ಭಾರಿ ದೊಡ್ಡದಿತ್ತು. ಬೆಳಿಗ್ಗೆ ಬೀಗ ತೆಗೆಯುವವನೂ ನಾನೇ, ಫ್ಯಾನು ಕೆಟ್ಟರೆ ಎಲೆಕ್ಟ್ರಿಷಿಯನ್ ಮನೆಗೆ ಅಲೆಯುವವನೂ ನಾನೇ.

ಬೆಳಿಗ್ಗೆ ಷೇರುದಾರರು ಬಂದು, "ನಮ್ ಮಾಲ್ಗ ಇನ್ನೊಸಿ ರೇಟು ಹಾಕ್ಬುಡಿ, ಕಂಪ್ನಿ ಯಾರ್ದು, ನಮ್ದೇ ತಾನೆ?" ಅನ್ನೋರು. ಮಧ್ಯಾಹ್ನ ಶೆಡ್ಡಿನ ಹೆಂಗಸರು ಬಾಗಿಲಲ್ಲಿ ನಿಂತು ಕೂಲಿ ಏರಿಸಿ ಅನ್ನೋರು. ಇಬ್ಬರ ಮಾತೂ ನ್ಯಾಯವೇ. ಆದರೆ ಇಬ್ಬರಿಗೂ ಕೊಡಬೇಕಾದ್ದು ಒಂದೇ ಪೆಟ್ಟಿಗೆಯಿಂದ. ಅದಕ್ಕೇ ಇಬ್ಬರ ಕಣ್ಣಿಗೂ ನಾನು ಎದುರು ಪಾರ್ಟಿಯವನ ಹಾಗೆ ಕಾಣುತ್ತಿದ್ದೆ. ಸಾಯಂಕಾಲ ಬೀಗ ಹಾಕುವ ಹೊತ್ತಿಗೆ ಜೊತೆಗೊಂದು ಟೀ ಕುಡಿಯೋಣ ಅನ್ನುವವರು ಒಬ್ಬರೂ ಉಳಿದಿರುತ್ತಿರಲಿಲ್ಲ.

ಅಕ್ಕ ಮಾತ್ರ ಎರಡೂ ಕಡೆಯವಳು. ಅವಳ ಗಂಡನನ್ನು ನಾನು ಭಾವ ಅಂತಿದ್ದೆ. ಕಂಪನಿ ಶುರುವಾದಾಗ ಹೆಂಗಸರ ಹೆಸರಲ್ಲೂ ಷೇರು ಇರಲಿ ಅಂತ ಯಾರೋ ಹೇಳಿದ್ದರಿಂದ ಭಾವ ತಮ್ಮ ಷೇರನ್ನು ಅಕ್ಕನ ಹೆಸರಿಗೆ ಬರೆಸಿದ್ದರು. ಹಾಗಾಗಿ ಕಾನೂನಿನ ಪ್ರಕಾರ ಅಕ್ಕ ನನ್ನ ಧಣಿ. ಆರಿಸುವ ಕೂಲಿಗೂ ಬರುತ್ತಿದ್ದಳು, ಹಾಗಾಗಿ ಶೆಡ್ಡಿನಲ್ಲಿ ನಾನು ಅವಳಿಗೆ ಧಣಿ. ಅವಳಂತೂ ಇದನ್ನು ಸಲೀಸಾಗಿ ನಿಭಾಯಿಸುತ್ತಿದ್ದಳು. ಶೆಡ್ಡಿನ ಬಾಗಿಲು ದಾಟಿದರೆ ನಾನು "ಸಾರ್". ಗೋಡೆ ಹತ್ತಿರ ಬಂದರೆ "ತಮ್ಮ". ಒಂದು ದಿನವೂ ಅದು ಇದಾಗಲಿಲ್ಲ, ಇದು ಅದಾಗಲಿಲ್ಲ.

ಅವಳು ಕೂಲಿಗೆ ಬರಲೇಬೇಕೆಂದೇನೂ ಇರಲಿಲ್ಲ. ಹೊಲವಿತ್ತು, ಹಸುವಿತ್ತು. ಮಕ್ಕಳಿರಲಿಲ್ಲ. ಯಾಕಕ್ಕಾ ಈ ಧೂಳಿಗೆ ಬರ್ತೀಯ ಅಂತ ಒಂದು ಸಲ ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ಈಗಲೂ ಬಾಯಿಪಾಠ: "ನಮ್ಮನೆಲಿ ಮಾತೇ ಇಲ್ಲ ಕಣಪ್ಪ. ನಿಮ್ ಭಾವ ಸಾರ್ಗ ಉಪ್ಪು ಕಮ್ಮಿಯಾದ್ರ ಬಾಯಿ ಬುಡ್ತರ, ಸರಿಯಾಗಿದ್ರ ಅದೂ ಇಲ್ಲ. ಮಾತ್ನೆಲ್ಲ ಕೂಡಾಕಂಡು ತಂದು ಶೆಡ್ಡಲ್ಲಿ ಸುರೀತಿನಿ." ನಿಜ. ನನ್ನ ಕೋಣೆಗೆ ಶೆಡ್ಡಿನಿಂದ ಬರುತ್ತಿದ್ದ ನಗುವಿನಲ್ಲಿ ಮುಕ್ಕಾಲು ಪಾಲು ಅಕ್ಕ ಶುರು ಮಾಡಿದ್ದೇ ಇರುತ್ತಿತ್ತು. ವರ್ಷಗಟ್ಟಲೆ ಆರಿಸಿ ಆರಿಸಿ ಅವಳ ಅಂಗೈ, ಬೆರಳ ಸಂದು, ಉಗುರು ಎಲ್ಲ ಹಳದಿ. ಸೋಪಿಗೂ ಬಗ್ಗದ ಹಳದಿ.

ಆಮೇಲೆ ಮಿಷಿನ್ನಿನ ಮಾತು ಬಂತು. ಆ ಮಾತು ಎತ್ತಿದವನು ನಾನೇ. ಈರೋಡಿನ ವ್ಯಾಪಾರಿ ಕೊಂಬಿನ ಜೊತೆ ಉಂಡೆ ಬೆರೆತಿದೆ ಅಂತ ಲೋಡನ್ನೇ ವಾಪಸ್ಸು ಕಳಿಸಿದ್ದ. ಅದೇ ತೆರನ ದೂರು ಬೇರೆಯವರಿಂದಲೂ ಬರತೊಡಗಿತ್ತು. ಜಾಲರಿಯಲ್ಲಿ ಜಾಲಿಸಿ ಕೊಂಬು, ಉಂಡೆ ಬೇರೆ ಮಾಡುವ ಮಿಷಿನ್ ಹಾಕಿದರೆ ಮಾಲು ಒಂದೇ ಸಮ ಬರುತ್ತದೆ, ರೇಟು ಏರುತ್ತದೆ, ಕಂಪನಿ ಉಳಿಯುತ್ತದೆ ಎಂದು ನಿರ್ದೇಶಕರ ಮುಂದೆ ವಾದಿಸಿದೆ. ಆರಿಸುವ ಹೆಂಗಸರಲ್ಲಿ ಇಬ್ಬರಿಗೋ ಮೂವರಿಗೋ ಮಾತ್ರ ಕೆಲಸ ಉಳಿಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಸಾಮಾನ್ಯ ಸಭೆಯಲ್ಲಿ ಷೇರುದಾರರು ಒಪ್ಪಿದರೆ ಆಯಿತು ಅಂದರು.

ಅವತ್ತು ಸಂಜೆ ಗೋಡೆಯ ಮೇಲೆ ತಟ್ಟೆ ಬಂತು. ತಟ್ಟೆ ಹಿಂದೆ ಅಕ್ಕನ ಮುಖವೂ ಬಂತು.

"ಮಿಷಿನ್ ಬಂದ್ರ ನಮ್ಮ ಕೂಟ ಮುರಿದ್ಬುಡ್ತದಲ್ಲ ತಮ್ಮಾ."

"ಬರದಿದ್ರೆ ಕಂಪನಿನೇ ಇರಲ್ಲ ಅಕ್ಕಾ. ಆಗ ಕೂಟ ಎಲ್ಲಿರುತ್ತೆ?"

"ನಿನ್ ಮಾತೂ ಸರಿಯೇ. ನಮ್ ಅರಿಸಿನನೂ ನಿನ್ ಗೋಡೌನಲ್ಲೇ ಬಿದ್ದದ. ನಿಮ್ ಭಾವ ಆಗ್ಲೇ ಯೋಳ್ಬುಟ್ರು, ಮೀಟಿಂಗ್ಲಿ ಕೈ ಎತ್ತು ಅಂತ."

ಅವಳು ಇನ್ನೂ ಏನೋ ಹೇಳುವಳೆಂದು ನಿಂತಿದ್ದೆ. ತಟ್ಟೆ ಆರುತ್ತೆ ಉಣ್ಣು ಅಂತ ಹೇಳಿ ಒಳಗೆ ಹೋದಳು.

ಸಭೆ ನಡೆದದ್ದು ಶೆಡ್ಡಿನಲ್ಲೇ. ರಾಶಿಗಳನ್ನು ಮೂಲೆಗೆ ಸರಿಸಿ, ನೆಲ ಗುಡಿಸಿ, ಕುರ್ಚಿ ಹಾಕಿದವರು ಆ ಹೆಂಗಸರೇ. ಟೀ ಹಂಚಿದವರೂ ಅವರೇ. ತಮ್ಮ ಕೆಲಸ ಹೋಗುವ ಸಭೆಗೆ ತಾವೇ ಟೀ ಹಂಚುವುದು ಎಂಥ ಅಸಹ್ಯ ಅನ್ನುವುದು ನಿರ್ದೇಶಕರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಪ್ರತಿ ವರ್ಷ ಹಾಗೇ ನಡೆದುಕೊಂಡು ಬಂದಿತ್ತು. ಹಂಚಿದ ಮೇಲೆ ಅವರು ಹಿಂದಿನ ಗೋಡೆಗೆ ಒರಗಿ ಸಾಲಾಗಿ ನಿಂತರು. ಅಕ್ಕ ಮಾತ್ರ ಆ ಸಾಲಿನಲ್ಲಿರಲಿಲ್ಲ. ಷೇರುದಾರಳಾದ್ದರಿಂದ ಕುರ್ಚಿ ಮೇಲೆ ಕೂರಬೇಕಿತ್ತು. ಸೀರೆ ಸೆರಗನ್ನು ಬಿಗಿಯಾಗಿ ಹೊದ್ದು, ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದುಬಿಡುವವಳ ಹಾಗೆ ಕೂತಿದ್ದಳು. ಟೀ ಲೋಟ ಹಿಡಿದು ಬಂದ ಗೆಳತಿಗೆ, "ನಂಗ್ಯಾಕವ್ವ, ನಾನು ಆಮೇಲ ನಿಮ್ ಜೊತೇಲೆ ಕುಡೀತಿನಿ" ಅಂದದ್ದು ಮುಂದೆ ನಿಂತಿದ್ದ ನನಗೂ ಕೇಳಿಸಿತು.

ನಾನು ಮಿಷಿನ್ನಿನ ವಿಚಾರ ಹೇಳಿ ಮುಗಿಸಿದೆ. ಅಧ್ಯಕ್ಷರು ಒಪ್ಪಿಗೆ ಇರೋರು ಕೈ ಎತ್ತಿ ಅಂದರು. ಕೈಗಳು ಎದ್ದವು. ಹೊಲದ ಕೈಗಳು, ಕಪ್ಪು, ಕಂದು, ಒಂದೆರಡು ವಾಚು ಕಟ್ಟಿದ ಕೈಗಳು. ಅಷ್ಟರಲ್ಲೇ ತೀರ್ಮಾನ ಆಗಿಹೋಗಿತ್ತು. ಇನ್ನೊಂದು ಎದ್ದರೂ ಒಂದೇ, ಏಳದಿದ್ದರೂ ಒಂದೇ. ಆಗ ಅಕ್ಕನ ಕೈ ಮೇಲಕ್ಕೆ ಬಂತು. ಆ ಅಷ್ಟೂ ಕೈಗಳ ನಡುವೆ ಅದೊಂದೇ ಹಳದಿ. ಶೆಡ್ಡಿನ ಯಾವ ಮೂಲೆಯಲ್ಲಿ ನಿಂತರೂ ಕಾಣುವಂಥ ಹಳದಿ...

ಹಿಂದಿನ ಸಾಲಿನಿಂದ ಒಂದು ದನಿ ಬಂತು. ಜೋರಾಗೇನೂ ಅಲ್ಲ.

"ನೋಡ್ರವ್ವ, ನಮ್ ಕೈನೂ ಒಂದು ಎದ್ದದ."

ಅಕ್ಕ ಹಿಂದೆ ತಿರುಗಲಿಲ್ಲ. ಕೈಯನ್ನು ಇಳಿಸಲೂ ಇಲ್ಲ. ಎಣಿಕೆ ಮುಗಿದು ಅಧ್ಯಕ್ಷರು ಸಾಕು ಅಂದ ಮೇಲೆಯೇ ಅದು ಕೆಳಗೆ ಬಂದು ಸೆರಗಿನೊಳಗೆ ಸೇರಿಕೊಂಡಿತು. ಸಭೆ ಮುಗಿದ ಮೇಲೆ ಹೆಂಗಸರು ಮೂಲೆಯಲ್ಲಿ ಉಳಿದ ಟೀ ಕುಡಿಯುತ್ತಿದ್ದರು. ಅವಳು ಅತ್ತ ನಾಲ್ಕು ಹೆಜ್ಜೆ ಹಾಕಿ, ನಿಂತು, ಮನೆ ಕಡೆ ಹೊರಟುಬಿಟ್ಟಳು.

ಮಿಷಿನ್ ಬರಲು ಇನ್ನೂ ಸ್ವಲ್ಪ ದಿನವಿತ್ತು. ಅಲ್ಲಿಯವರೆಗೆ ಆರಿಸುವ ಕೆಲಸ ಹಿಂದಿನಂತೆಯೇ ನಡೆಯಿತು. ಆದರೆ ರಾಶಿಯ ಸುತ್ತ ಹೆಂಗಸರು ಈಗ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ಯಾರೂ ಅಕ್ಕನನ್ನು ಬೈಯಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅವಳು ಒಂದು ಬುಟ್ಟಿಯಷ್ಟನ್ನು ಬೇರೆ ಸುರಿದುಕೊಂಡು ಗೋಡೆ ಪಕ್ಕ ಕೂತು ಆರಿಸಿದಳು. ನನ್ನ ಕೋಣೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ಶೆಡ್ಡಿನಲ್ಲಿ ನಗುವೇ ಇರಲಿಲ್ಲ. ನೋಡಲಾಗದೆ ಒಂದು ದಿನ ಅವಳನ್ನು ಕರೆದು, ಮಿಷಿನ್ನಿಗೆ ಮಾಲು ಹಾಕುವ ಕೆಲಸ ನಿನಗೇ ಇಟ್ಟಿದ್ದೀನಿ ಅಂದೆ. ಓಲೈಸೋಕೆ ಹೇಳಿದ್ದಲ್ಲ, ಅವಳಷ್ಟು ಚೊಕ್ಕ ಕೆಲಸ ಬೇರೆಯವರದ್ದಿರಲಿಲ್ಲ.

"ಬ್ಯಾಡ ಸಾರ್," ಅಂದಳು. "ಆ ಕೆಲ್ಸ ನಾನ್ ತಕಂಡ್ರ, ಇದುಕ್ಕೇ ಕೈ ಎತ್ತುದ್ಲು ಅಂತರ. ಈಗ ಬರಿ ಅನುಮಾನ. ಆಮೇಲ ನಿಜ ಆಗೋಯ್ತದ. ಅವ್ರಲ್ಲೇ ಯಾರ್ಗಾದ್ರೂ ಕೊಡಿ."

ಅವತ್ತು ರಾತ್ರಿ ಗೋಡೆ ಹತ್ತಿರ ಹೋಗಿ ನಾನೇ ಕರೆದೆ. ಭಾವ ಹೇಳಿದ್ದಕ್ಕೆ ಎತ್ತಿದೆ ಅಂತ ಅವರಿಗೆ ಹೇಳಬಹುದಿತ್ತಲ್ಲ ಅಕ್ಕಾ ಅಂದೆ. ಅವಳು, "ಗಂಡನ ಮ್ಯಾಲ ಹಾಕ್ಬುಟ್ಟು ನಾನು ಒಳ್ಳೇವ್ಳಾಗದಾ? ರೇಟು ಬಂದ್ರ ನಾನೂ ತಾನೆ ಉಣ್ಣದು," ಅಂದಳು. ಆಮೇಲೆ ತಟ್ಟೆ ಇಟ್ಟು, "ಉಣ್ಣಿ ಸಾರ್," ಅಂದಳು.

ಗೋಡೆಯ ಹತ್ತಿರ ಅವಳು ನನ್ನನ್ನು ಸಾರ್ ಅಂದದ್ದು ಅದೇ ಮೊದಲು. ಬಾಯಿ ತಪ್ಪಿ ಬಂದಿರಬೇಕು ಅಂದುಕೊಂಡೆ. ಆದರೆ ಮರುದಿನವೂ ಸಾರ್, ಅದರ ಮರುದಿನವೂ ಸಾರ್. ತಟ್ಟೆ ಬರುವುದು ನಿಂತಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುದ್ದೆ ಅದೇ, ಉಪ್ಸಾರು ಅದೇ, ಕೊಡುವವಳು ಮಾತ್ರ ದೂರದ ಮನೆಯವಳ ಹಾಗಾಗಿದ್ದಳು.

ಮಿಷಿನ್ ಬಂತು. ಮಾಲು ಒಂದೇ ಸಮ ಬಂತು, ರೇಟೂ ಬಂತು. ಷೇರುದಾರರು ಖುಷಿಯಾದರು, ಭಾವ ಹಿತ್ತಿಲ ಕೊಟ್ಟಿಗೆಗೆ ಹೊಸ ಶೀಟು ಹೊದಿಸಿದರು. ಕಂಪನಿ ಮುಳುಗುವುದು ತಪ್ಪಿತು. ಆ ತೀರ್ಮಾನ ತಪ್ಪೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸಿಲ್ಲ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಅದರ ಭಾರವನ್ನೆಲ್ಲ ಒಬ್ಬಳೇ ಹೊತ್ತಳಲ್ಲ ಅನ್ನುವ ಸಂಕಟ ಬೇರೆ. ಲೆಕ್ಕ ಸರಿಬಂದರೆ ಆ ಸಂಕಟ ಹೋಗುತ್ತದೆ ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಮನೆಯಲ್ಲೇ ಉಳಿದಳು. ಹಗಲೆಲ್ಲ ಆ ಮನೆಯಿಂದ ಹಸು ಕೂಗುವುದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಕೂಡಿಟ್ಟ ಮಾತನ್ನು ಎಲ್ಲಿ ಸುರಿಯುತ್ತಿದ್ದಳೋ... ಗೋಡೆ ಮೇಲೆ ತಟ್ಟೆ ಇಡುವಾಗ ಅವಳ ಕೈ ನೋಡುತ್ತಿದ್ದೆ. ಮೊದಲು ಅಂಗೈ ತಿಳಿಯಾಯಿತು, ಆಮೇಲೆ ಬೆರಳ ಸಂದು. ಕಡೆಗೆ ಉಗುರಿನ ಬುಡದಲ್ಲಿದ್ದ ಹಳದಿಯೂ ಹೋಯಿತು.

ಮುಂದೆ ನಾನು ಗುಂಡ್ಲುಪೇಟೆಯಲ್ಲಿ ತರಕಾರಿ ಕೊಳ್ಳುವ ಕಂಪನಿಯೊಂದಕ್ಕೆ ಸೇರಿ ಉಡಿಗಾಲ ಬಿಟ್ಟೆ. ಹೊರಡುವ ದಿನ ಅಕ್ಕ ಬಾಗಿಲವರೆಗೆ ಬಂದು, "ಓಗ್ಬನ್ನಿ ಸಾರ್," ಅಂದಳು. ನಾನೂ ಬರ್ತೀನಕ್ಕ ಅಂದೆ. ಬರಲಿಲ್ಲ. ದೂರವೇನೂ ಇಲ್ಲ, ಹೋಗಬಹುದಿತ್ತು. ಗೋಡೆ ಹತ್ತಿರ ನಿಂತು ಮತ್ತೆ ಸಾರ್ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ.

ಕೆಲವು ವರ್ಷದ ಮೇಲೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಭಾವ ಸಿಕ್ಕರು. ಸೊರಗಿಹೋಗಿದ್ದರು. ಅಕ್ಕ ಹೇಗಿದ್ದಾಳೆ ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, "ಓ, ನಿಮ್ಗ ಗೊತ್ತಿಲ್ವಾ," ಅಂದರು. ಜ್ವರ ಬಂದು, ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿ, ಮನೆಗೆ ಕರೆತಂದ ಮೇಲೆ ಹೋಗಿಬಿಟ್ಟಳಂತೆ. "ತಮ್ಮಂಗ ಯೋಳಿ ಅಂತ ಒಂದ್ಸಲ ಅಂದ್ಲು. ನಿಮ್ ನಂಬ್ರ ನನ್ತಾವ ಇರ್ನಿಲ್ಲ." ಉಪ್ಪು ಕಡಿಮೆಯಾದರೆ ಮಾತ್ರ ಬಾಯಿ ಬಿಡುವ ಆ ಮನುಷ್ಯ ಅವತ್ತು ಬಸ್ಸು ಹೊರಟರೂ ಹತ್ತದೆ ಮಾತಾಡಿದರು. ಕಡೆಗೆ ಹೇಳಿದ್ದು ಇದು:

"ಶೆಡ್ಡಿನ ಹೆಂಗಸ್ರು ಬಂದಿದ್ರು ಕಣಪ್ಪ. ಎಲ್ರೂ ಬಂದಿದ್ರು. ಮುತ್ತೈದೆ ಸಾವಲ್ವಾ, ಅರಿಸಿನ ಹಚ್ಚಬೇಕಲ್ಲ. ಬ್ಯಾರೆಯವ್ರು ಕೆನ್ನೆಗ, ಪಾದಕ್ಕ ಹಚ್ಚುದ್ರು. ಇವ್ರು ಕೈ ಹಿಡ್ಕಂಡು ಕುಂತ್ಬುಟ್ರು. ಅಂಗೈ, ಬೆರಳು ಸಂದು, ಉಗುರು... ಎಷ್ಟೊತ್ತು ತಿಕ್ಕುದ್ರು ಅಂದ್ರ, ಮೊದ್ಲು ಎಂಗಿತ್ತೋ ಅಂಗೇ ಆಗೋಯ್ತು ಅವ್ಳ ಕೈ."

ಮುಂದಿನ ಬಸ್ಸು ಬಂತು, ಭಾವ ಹತ್ತಿ ಹೋದರು. ಅವಳು ನನ್ನನ್ನು ತಮ್ಮ ಅಂದಳು ಅನ್ನುವುದು ಆಗ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಕುಕ್ಕರ್ ಇಡುವಾಗ ಹೋಯಿತು.

ತೆರಕಣಾಂಬಿ ಹತ್ತಿರ ಕೊಪ್ಪರಿಗೆಗೆ ಉರಿ ಹಾಕುತ್ತಿದ್ದ ಹೆಂಗಸು ನಾನು ಬಹಳ ಹೊತ್ತು ನಿಂತಿದ್ದು ನೋಡಿ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡರೂ ಅಂಗೈ ಹಳದಿಯಾಗಿಯೇ ಇತ್ತು.

"ಏನ್ ಬೇಕಿತ್ತು ಸಾರ್?"

ಏನಿಲ್ಲಮ್ಮ ಅಂದೆ. ಅವಳು ನಂಬಲಿಲ್ಲ ಅಂತ ಕಾಣುತ್ತದೆ, ನಾನು ಗಾಡಿ ಸ್ಟಾರ್ಟ್ ಮಾಡುವವರೆಗೂ ಅಲ್ಲೇ ನಿಂತಿದ್ದಳು. ಊರು ತಲುಪಿದಾಗ ಕತ್ತಲಾಗಿತ್ತು. ಅಂಗಿಯಲ್ಲಿ ಆ ವಾಸನೆ ಇನ್ನೂ ಇತ್ತು. ಅಡುಗೆ ಮಾಡಿಕೊಳ್ಳಲಿಲ್ಲ. ಈ ನನ್ನ ಬಾಡಿಗೆ ಮನೆಗೂ ಪಕ್ಕದಲ್ಲಿ ಎದೆಯೆತ್ತರದ ಗೋಡೆಯಿದೆ. ಅದರಾಚೆ ಇರುವುದು ಒಂದು ಗೋಡೌನು. ಸಾಯಂಕಾಲವಾದರೆ ಬೀಗ ಹಾಕಿಕೊಂಡು ಹೋಗುತ್ತಾರೆ. ಆದರೂ ಸ್ವಲ್ಪ ಹೊತ್ತು ಅದರ ಹತ್ತಿರ ಹೋಗಿ ನಿಂತೆ. ಇಲ್ಲ ಅಕ್ಕಾ, ಇನ್ನೂ ಉಂಡಿಲ್ಲ ಅಂದೆ.