ಮಾವನವರಿಗೊಂದು ಬೇರೆ ಖಾತೆ

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಧೂಳಾದರೂ ಒರೆಸೋಣವೆಂದು ಡಬ್ಬಿ ಬಿಚ್ಚಿದೆ ನೋಡಿ, ಸಾಲಾಗಿ ಏಳು ಸೀನು! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ನಮ್ಮ ಮನೆಗೊಮ್ಮೆ ಬರಬೇಕು. ಹಾಸಿಗೆ, ಪುಸ್ತಕ, ದೇವರ ಪಟ, ಯಾವುದನ್ನು ಕೊಡವಿದರೂ ಘಾಟು. ರಾಣೆಬೆನ್ನೂರಿನ ನನ್ನ ತವರಿನವರಂತೂ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು, "ಹೆಂಗರ ಇರ್ತೀಯವಾ ಇಲ್ಲೆ" ಎಂದು ಮರುಗುತ್ತಾರೆ. ಸೀನುತ್ತಲೇ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ಆದರೆ ಮೊನ್ನೆ ಆ ಡಬ್ಬಿ ಬಿಚ್ಚಿದಾಗ ಕಣ್ಣಲ್ಲಿ ಬಂದ ನೀರು ಘಾಟಿನದೊಂದೇ ಅಲ್ಲ.

ನಮ್ಮ ಮಾವನವರು ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವರು. ಪೇಟೆಯಲ್ಲಿ ಅವರದು ದೊಡ್ಡ ಗಂಟಲು. ಮನೆಯಲ್ಲಿ ಮಾತ್ರ ನನ್ನೊಡನೆ ಒಂದು ಮಾತಿಲ್ಲ. ಸಿಟ್ಟಲ್ಲ, ಪದ್ಧತಿ! ಸೊಸೆಯನ್ನು ಮಾವ ನೇರ ಮಾತಾಡಿಸಬಾರದು ಎನ್ನುವ ಕಾಲದವರು. ಒಳಗೆ ಬರುವ ಮುಂಚೆ ಒಮ್ಮೆ ಕೆಮ್ಮುವರು. ನಾನು ಎದುರಿಗೇ ನಿಂತಿದ್ದರೂ ಅತ್ತೆಯವರಿಗೆ, "ಚಾ ಐತೇನ ಕೇಳ ಅಕಿಗೆ" ಎನ್ನುವರು. ಅತ್ತೆ ನನ್ನತ್ತ ತಿರುಗಿ, "ಚಾ ಐತೇನಂತವಾ" ಎಂದು ಕಣ್ಣು ಮಿಟುಕಿಸುವರು. "ಐತ್ರಿ ಅತ್ತಿ" ಎಂದು ನಾನು ಅವರಿಗೇ ಉತ್ತರ ಕೊಡಬೇಕು. ಹೀಗೆ ಮೂರು ಸುತ್ತು ಹಾಕಿ ಬರುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಬರೀ ಕೆಮ್ಮು ಉಳಿಯಿತು.

ಆಗ ಅವರಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ಪೇಟೆಯ ಧಾರಣೆ ನೋಡುತ್ತೇನೆಂದು ಮಧ್ಯಾಹ್ನವೆಲ್ಲ ಕೂರುವರು. ನೋಡಲಿ ಪಾಪ ಎಂದು ಸುಮ್ಮನಿದ್ದೆ. ಒಂದು ದಿನ ಏನನ್ನೋ ಒತ್ತಿ, ತೆರೆಯ ತುಂಬ ಜಾಹೀರಾತು ಕುಣಿದು ಯಂತ್ರವೇ ಕೂತುಬಿಟ್ಟಿತು. ಹಾವೇರಿಗೆ ಒಯ್ದೆವು. ರಿಪೇರಿಯವರು ನಕ್ಕು, "ಮನ್ಯಾಗ ಎಲ್ಲಾರೂ ಅಡ್ಮಿನ್ ಆದ್ರ ಹಿಂಗ ಆಗೂದ ಬಿಡ್ರಿ ಮೇಡಂ. ನೀವೊಬ್ಬರ ಅಡ್ಮಿನ್ ಇರ್ರಿ. ನಿಮ್ಮ ಮಾವನವರಿಗೆ ಬ್ಯಾರೆ ಖಾತೆ ಮಾಡಿಕೊಡ್ರಿ. ನೋಡ್ಲಿ, ಓದ್ಲಿ. ಹೊಸಾದು ಏನರ ಹಾಕಬೇಕಂದ್ರ ನಿಮ್ಮ ಪಾಸ್‌ವರ್ಡ್ ಕೇಳ್ತೈತಿ" ಎಂದರು.

ನಾನು ಹೈಸ್ಕೂಲು ಟೀಚರು. ಕಟ್ಟುನಿಟ್ಟು ಮಾಡುವುದೆಂದರೆ ಕೈ ತುರಿಸುತ್ತದೆ. ನನ್ನ ಖಾತೆಗೆ ಗಟ್ಟಿ ಪಾಸ್‌ವರ್ಡ್ ಇಟ್ಟೆ. ಮಾವನವರ ಹೊಸ ಖಾತೆಯ ತೆರೆಯ ಮೇಲೆ ಕದರಮಂಡಲಗಿಯ ಆಂಜನೇಯನನ್ನು ಕೂರಿಸಿದೆ. ಅವರು ಎರಡು ದಿನ ಕೂತರು, ಆಮೇಲೆ ಅತ್ತ ಸುಳಿಯಲೇ ಇಲ್ಲ. ಹುಚ್ಚು ಬಿಟ್ಟಿತು, ಪೀಡೆ ಕಳೆಯಿತು ಅಂದುಕೊಂಡೆ. ಊಟ ಕಡಿಮೆಯಾದದ್ದನ್ನು ಕಂಡೂ ವಯಸ್ಸಾಯಿತಲ್ಲ ಎಂದು ಸುಮ್ಮನಾದೆ. ಎಂಥ ಜಾಣೆ ನಾನು!

ನಾಲ್ಕು ತಿಂಗಳ ಮೇಲೆ, ಶಾಲೆ ಬೇಗ ಬಿಟ್ಟ ಒಂದು ದಿನ ಮನೆಗೆ ಬಂದರೆ ಮಾವ ಕಂಪ್ಯೂಟರಿನ ಮುಂದಿದ್ದರು. ಖಾಲಿ ಫೋಲ್ಡರೊಂದನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ನನ್ನನ್ನು ಕಂಡವರೇ ಗಾಬರಿಯಿಂದ ಎದ್ದು ನಿಂತರು. ಕೆಮ್ಮಿದರು. ರೂಢಿಯಂತೆ ಅಡಿಗೆಮನೆಯತ್ತ ತಿರುಗಿದರು. ಅಲ್ಲಿ ಯಾರಿದ್ದರು? ಮತ್ತೆ ನನ್ನ ಕಡೆ ನೋಡಿ, "ಯವ್ವಾ" ಎಂದರು. ಇಷ್ಟು ವರ್ಷಗಳಲ್ಲಿ ನನ್ನನ್ನೇ ನೇರ ಕರೆದದ್ದು ಅದೇ ಮೊದಲು.

"ಅಕಿ ದನಿ ಇದರಾಗ ಇತ್ತು. ದಿನಾ ಕೇಳ್ತಿದ್ದೆ. ಅವತ್ತ ಅದೇನೋ ಒತ್ತಿದೆ ನೋಡು, ನಾನ ಅಳಿಸಿಬಿಟ್ಟೆ ಕಾಣ್ತೈತಿ."

ಅಯ್ಯೋ ದೇವರೇ! ಅತ್ತೆ ಮಸಾಲೆ ಖಾರ ಮಾಡುವ ಬಗೆ ಹೇಳುವಾಗ ನಾನು ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದು, ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಅದು ಮೊದಲು ಎಲ್ಲರೂ ಬಳಸುತ್ತಿದ್ದ ನನ್ನ ಖಾತೆಯಲ್ಲೇ ಭದ್ರವಾಗಿತ್ತು. ಬೇರೆ ಖಾತೆಯಿಂದ ಅದು ಕಾಣುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೆಂಡತಿಯ ದನಿ ಬೇಕೆಂದು ಮಗನನ್ನು ಕೇಳಲು ನಾಚಿಕೆ, ಸೊಸೆಯನ್ನು ಕೇಳಲು ಪದ್ಧತಿ ಅಡ್ಡ. ಬೀಗ ಹಾಕಿದವಳು ನಾನು. ತಾವೇ ಕಳೆದೆವೆಂದು ನಾಲ್ಕು ತಿಂಗಳು ಒಳಗೊಳಗೇ ಸುಟ್ಟುಕೊಂಡವರು ಅವರು.

"ಎಲ್ಲೀ ಹೋಗಿಲ್ರಿ ಮಾವ, ಐತ್ರಿ" ಎಂದು ಪಾಸ್‌ವರ್ಡ್ ಒತ್ತಿದೆ. ಎರಡು ಸಲ ತಪ್ಪಿತು. ಕೊನೆಗೆ ಅತ್ತೆ ಮಾತಾಡಿದರು. "ಕೊತ್ತಂಬ್ರಿ ಕಾಳು ಕರ್ರಗ ಹುರೀಬ್ಯಾಡ..." ಎನ್ನುತ್ತ ನಡುವೆ ದನಿ ಎತ್ತಿ, "ರೀ, ರೊಟ್ಟಿ ಆರಾಕತ್ತಾವು, ಲಗೂ ಬರ್ರಿ!"

"ಬಂದೆ" ಎಂದರು ಮಾವ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಂದೇ ಆ ದನಿಯನ್ನು ಅವರ ಖಾತೆಗೂ ಹಾಕಿಕೊಟ್ಟೆ. ಈಗ ಹೊಸ ಲ್ಯಾಪ್‌ಟಾಪ್ ಬಂದಿದೆ. ಇದರಲ್ಲೂ ಅಡ್ಮಿನ್ ನಾನೇ, ಅವರದು ಬೇರೆ ಖಾತೆ. ಏನಾದರೂ ಹೊಸದನ್ನು ಒತ್ತುವುದನ್ನು ಅವರೂ ಬಿಟ್ಟಿಲ್ಲ. "ಯವ್ವಾ, ನಿನ್ನ ಪಾಸ್‌ವರ್ಡ್ ಕೇಳಾಕತ್ತೈತಿ, ಬಾ ಇಲ್ಲೆ" ಎಂದು ಪೇಟೆಯ ಗಂಟಲಲ್ಲಿ ಕೂಗುತ್ತಾರೆ. ಒಲೆ ಸಣ್ಣ ಮಾಡಿ ಓಡುತ್ತೇನೆ. "ಅಷ್ಟ ಸಲ ಎದ್ದು ಹೋಗೂಕಿಂತ ಹೇಳಿಬಿಡಬಾರದೇನ ಅದನ್ನ?" ಎಂದು ಗಂಡ ರೇಗಿಸುತ್ತಾರೆ.

ಹೇಳುವುದಿಲ್ಲ. ಹೇಳಿಬಿಟ್ಟರೆ ನನ್ನನ್ನು ಅವರು ಕರೆಯುವುದು ನಿಂತುಹೋದೀತು.